ಆನೆ ಕೊಟ್ಟವರು ಅಂಕುಶ ಮರೆತರು

ಬಡ ದೇಶದ ಆಸ್ಪತ್ರೆಗೆ ಯಂತ್ರ ಹಸ್ತಾಂತರಿಸುವ ಚಿತ್ರ ಎಂದೂ ಬದಲಾಗುವುದಿಲ್ಲ: ರಿಬ್ಬನ್ನು, ಕತ್ತರಿ, ಹೊಳೆಯುವ ಪೆಟ್ಟಿಗೆ, ಹಿಂದೆ ಸಾಲುಗಟ್ಟಿದ ಗಣ್ಯರು. ಈ ವಾರವೂ ಅಂಥದ್ದೇ ಒಂದು ಕಣ್ಣಿಗೆ ಬಿತ್ತು. ಈ ಸಿಡಿಮಿಡಿಗೆ ಅದೇ ಕಾರಣ. ಆ ಸಾಲಿನಲ್ಲಿ ಸ್ಕ್ರೂಡ್ರೈವರ್ ಹಿಡಿದವರು ಎಂದೂ ಕಾಣುವುದಿಲ್ಲ. ಇದರ ಫಲವನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಮಾಲ್ಕಿನ್ ಮತ್ತು ಅವರ ಸಹಲೇಖಕಿ 2011ರಲ್ಲೇ ಎಣಿಸಿ ತೋರಿಸಿದ್ದಾರೆ. 16 ದೇಶಗಳ 1,12,040 ಉಪಕರಣಗಳ ಪಟ್ಟಿಯಲ್ಲಿ ಶೇ 38ರಷ್ಟು ಕೆಟ್ಟು ಕೂತಿದ್ದವು. ಕೆಟ್ಟದ್ದಾದರೂ ಏನು? ಮಾಲ್ಕಿನ್ ಅದಕ್ಕೂ ಒಂದು ವರ್ಷ ಮೊದಲೇ 11 ದೇಶಗಳ 60 ಆಸ್ಪತ್ರೆಗಳ 2,849 ರಿಪೇರಿ ಕೋರಿಕೆಗಳನ್ನು ಬಿಡಿಸಿ ನೋಡಿದ್ದರು. ಶೇ 66ರಷ್ಟು ಯಂತ್ರಗಳನ್ನು ಹೊರದೇಶದ ಬಿಡಿಭಾಗ ತರಿಸದೆಯೇ ಓಡಿಸಬಹುದಿತ್ತು. ಅದಕ್ಕೆ ಬೇಕಿದ್ದದ್ದು 107 ಸಣ್ಣ ಕೌಶಲಗಳು, ಎಲ್ಲವೂ ಮೂಲಪಾಠದ ಮಟ್ಟದವು. ವಿದ್ಯುತ್ ಪೂರೈಕೆ, ಕೊಳವೆ, ಮೋಟರು, ಬಳಸುವವರಿಗೆ ಹೇಳಿಕೊಡುವುದು, ಇಂಥವೇ. 110 ವೋಲ್ಟಿನ ಅಮೆರಿಕದ ಯಂತ್ರವನ್ನು 230 ವೋಲ್ಟಿನ ಗೋಡೆಗೆ ಸಿಕ್ಕಿಸಿದರೆ ಸುಡುತ್ತದೆ ಎಂದು ತಿಳಿಯಲು ಐಐಟಿ ಬೇಡ, ಐಟಿಐ ಸಾಕು.

ಕಂಪನಿಗೇ ನಿರ್ವಹಣೆ ಗುತ್ತಿಗೆ ಕೊಟ್ಟರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಭಾರತ ಹಿಡಿದ ದಾರಿ ಅದೇ. 29 ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳ ಏಳೂವರೆ ಲಕ್ಷ ಉಪಕರಣಗಳನ್ನು ಎಣಿಸಿದಾಗ ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ 34ರಷ್ಟು ನಿಷ್ಕ್ರಿಯವಾಗಿದ್ದವು. 2015ರ ನಿರ್ವಹಣಾ ಯೋಜನೆಯಲ್ಲಿ ಖಾಸಗಿ ಏಜೆನ್ಸಿಗಳು ಬಂದವು. ಯಂತ್ರಗಳು ಜಿಲ್ಲಾ ಆಸ್ಪತ್ರೆಯಲ್ಲಿ ಶೇ 95, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 80ರಷ್ಟು ಸಮಯ ಓಡಬೇಕೆಂಬುದು ಷರತ್ತು. ಹಳ್ಳಿ ಹತ್ತಿರವಾದಷ್ಟೂ ಭರವಸೆ ತೆಳ್ಳಗೆ! ಗುತ್ತಿಗೆ ತಪ್ಪೆಂದಲ್ಲ. ಆದರೆ ಗುತ್ತಿಗೆದಾರನಿಗೂ ಬೇಕಾದವರು ಅದೇ ಟೆಕ್ನಿಷಿಯನ್‌ಗಳು, ಅವರನ್ನು ಯಾರಾದರೂ ತಯಾರು ಮಾಡಲೇಬೇಕು. ರುವಾಂಡದಲ್ಲಿ ಈ ಕೆಲಸ ನಡೆದಿದೆ. ಡ್ಯೂಕ್ ಮತ್ತು ಎಂಜಿನಿಯರಿಂಗ್ ವರ್ಲ್ಡ್ ಹೆಲ್ತ್ ಸಂಸ್ಥೆ ಸೇರಿ ಕಿಗಾಲಿಯಲ್ಲಿ ಆರಂಭಿಸಿದ ತರಬೇತಿ, ಅಲ್ಲಿನ ಪಾಲಿಟೆಕ್ನಿಕ್‌ನ ಡಿಪ್ಲೊಮಾ ಆಗಿ ಬೇರೂರಿತು.

ಕಲಿತವರು ಹೆಚ್ಚಿನ ಸಂಬಳಕ್ಕೆ ಹಾರಿಹೋಗುತ್ತಾರೆ ಎಂಬುದು ಇನ್ನೊಂದು ತಕರಾರು. ಹಾರಲಿ. ಉಪಕರಣ ಮಾರುವ ಅಂಗಡಿ ಸೇರಿದರೂ ಆ ಊರಲ್ಲೇ ರಿಪೇರಿ ಮಾಡುತ್ತಾರೆ. ವೈದ್ಯರು ವಿದೇಶಕ್ಕೆ ಹೋಗುತ್ತಾರೆಂದು ಮೆಡಿಕಲ್ ಕಾಲೇಜು ಮುಚ್ಚಿದವರನ್ನು ಕಾಣೆ. ಅರೆಬರೆ ಕಲಿತವರ ಕೈಗೆ ರೇಡಿಯೊಥೆರಪಿ ಯಂತ್ರ ಕೊಡುವುದೇ ಎಂದೂ ಕೇಳುತ್ತಾರೆ. ಕೊಡಬೇಡಿ, ಮಾಲ್ಕಿನ್ ಲೆಕ್ಕದ ಶೇ 66 ಕಳೆದು ಉಳಿದ ಶೇ 34 ಕಂಪನಿ ಎಂಜಿನಿಯರುಗಳ ಪಾಲಿಗೇ ಇರಲಿ. ಜಗಳ ಇರುವುದು ಆಟೊಕ್ಲೇವು, ಹೀರುಪಂಪು, ಶಿಶುಗಳ ಇನ್‌ಕ್ಯುಬೇಟರುಗಳ ಬಗ್ಗೆ. ಇವನ್ನು ದುರಸ್ತಿ ಮಾಡುವ ಹುದ್ದೆಗೆ ಸಂಬಳ ನಿಗದಿ ಮಾಡಿದರೆ ಫೋಟೊ ಬರುವುದಿಲ್ಲ, ದಾನಿಯ ಹೆಸರಿನ ಫಲಕ ಹಚ್ಚಲು ಜಾಗವೂ ಇಲ್ಲ. ತೊಡಕು ಇಷ್ಟೇ ಆಗಿದ್ದರೆ, ಮುಂದಿನ ಸಮಾರಂಭದಲ್ಲಿ ರಿಬ್ಬನ್ ಕತ್ತರಿಸಿದ ಕತ್ತರಿಯನ್ನಾದರೂ ಆಸ್ಪತ್ರೆಯಲ್ಲೇ ಬಿಟ್ಟುಹೋಗಿ. ವೈರಿನ ತುದಿ ಸುಲಿಯಲು ಬೇಕಾದೀತು.