ಎರಡನೇ ಕೇಬಲ್ ಬೇಕು, ಆದರೆ ಸ್ಪೀಡ್‌ಗಾಗಿ ಅಲ್ಲ

ನಮ್ಮ ಕಂಪ್ಯೂಟರ್ ಲ್ಯಾಬ್ ನಿಧಾನ ಎಂಬ ದೂರು ಸೈನ್ಸ್, ಕಾಮರ್ಸ್ ಎರಡೂ ಕಡೆಯಿಂದ ಕೇಳಿಬರುತ್ತದೆ. ಎಲ್ಲರೂ ಹೇಳುವ ಪರಿಹಾರವೂ ಒಂದೇ: "ಲ್ಯಾಬ್‌ನಿಂದ ಸರ್ವರ್ ರೂಮಿಗೆ ಇನ್ನೊಂದು ಕೇಬಲ್ ಎಳೆಯಲಿ, ಸ್ಪೀಡ್ ಡಬಲ್ ಆಗುತ್ತದೆ." ನಾನು ಕಾಮರ್ಸ್ ವಿದ್ಯಾರ್ಥಿನಿ. ಹಣ ಖರ್ಚು ಮಾಡುವ ಮೊದಲು ಅದರಿಂದ ಏನು ಸಿಗುತ್ತದೆ ಎಂದು ಕೇಳುವುದೇ ನಮಗೆ ಕಲಿಸಿದ ಪಾಠ. ಎರಡನೇ ಕೇಬಲ್ ಬೇಕು ಎಂಬುದೇ ನನ್ನ ಅಭಿಪ್ರಾಯವೂ. ಆದರೆ ಕಾರಣ ಬೇರೆ.

ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗಳ ವೈರ್ ಒಂದು ಸ್ವಿಚ್‌ಗೆ ಬಂದು ಸೇರುತ್ತದೆ. ಅಲ್ಲಿಂದ ಕೆಳಗಿನ ಸರ್ವರ್ ರೂಮಿನ ಸ್ವಿಚ್‌ಗೆ ಹೋಗುವುದು ಒಂದೇ ಕೇಬಲ್. ಪಕ್ಕದಲ್ಲಿ ಇನ್ನೊಂದನ್ನು ಸುಮ್ಮನೆ ಚುಚ್ಚಿದರೆ ಕೆಲಸ ಕೆಡುತ್ತದೆ. ಎಲ್ಲರಿಗೂ ಎಂದು ಕಳಿಸಿದ ಸಂದೇಶ ಒಂದು ಕೇಬಲ್‌ನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬಂದು ಸುತ್ತುತ್ತಲೇ ಇರುತ್ತದೆ. ಇಡೀ ನೆಟ್‌ವರ್ಕ್ ನಿಂತುಹೋಗುತ್ತದೆ. ಇದನ್ನು ತಡೆಯುವ 'ಸ್ಪ್ಯಾನಿಂಗ್ ಟ್ರೀ' ವ್ಯವಸ್ಥೆ ಇರುವ ಸ್ವಿಚ್ ಆದರೆ ಒಂದು ಕೇಬಲನ್ನು ತಾನೇ ಮುಚ್ಚಿಡುತ್ತದೆ. ಎರಡನ್ನೂ ಒಂದೇ ದಾರಿಯಾಗಿ ಬಳಸಿ ಎಂದು ಎರಡೂ ಸ್ವಿಚ್‌ಗಳಲ್ಲಿ ಸೆಟ್ ಮಾಡಬೇಕು. ಇದಕ್ಕೆ ಲಿಂಕ್ ಅಗ್ರಿಗೇಶನ್ ಎಂದು ಹೆಸರು.

ಇದು ಹೊಸದೇನಲ್ಲ. 1990ರಲ್ಲಿ ಮೊದಲ ಈಥರ್‌ನೆಟ್ ಸ್ವಿಚ್ ತಂದ ಅಮೆರಿಕದ ಕಂಪನಿಯ ಹೆಸರು 'ಕಲ್ಪನಾ'. ಕೇಬಲ್‌ಗಳನ್ನು ಹೀಗೆ ಜೋಡಿಸುವ 'ಈಥರ್‌ಚಾನೆಲ್' ಕೂಡ ಅಲ್ಲಿಯದೇ. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು. 2000ದಲ್ಲಿ ಐಇಇಇ ಸಂಸ್ಥೆ 802.3ಎಡಿ ಎಂಬ ಮಾನದಂಡ ತಂದ ಮೇಲೆ ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳೂ ಹೀಗೆ ಜೊತೆಯಾಗಬಹುದಾಯಿತು.

ಹಾಗಾದರೆ ಸ್ಪೀಡ್ ಏಕೆ ಡಬಲ್ ಆಗುವುದಿಲ್ಲ? ವಲೀಮಾ ಊಟದ ಹಾಲ್ ಮಹಡಿಯ ಮೇಲಿದೆ, ಎರಡು ಮೆಟ್ಟಿಲುಗಳಿವೆ ಎಂದುಕೊಳ್ಳಿ. ಒಂದು ಮನೆಯವರು ಚದುರಿಹೋಗಬಾರದು ಎಂದು, ಕಾರ್ಡಿನ ನಂಬರ್ ಸಮ ಇದ್ದರೆ ಎಡ ಮೆಟ್ಟಿಲು, ಬೆಸ ಇದ್ದರೆ ಬಲ ಮೆಟ್ಟಿಲು ಎಂದು ನಿಯಮ ಮಾಡಿದ್ದಾರೆ. ಸಮ ನಂಬರಿನ ಒಂದೇ ಮನೆಯಿಂದ 60 ಜನ ಬಂದರೆ ಎಡ ಮೆಟ್ಟಿಲು ತುಂಬುತ್ತದೆ. ಬಲ ಮೆಟ್ಟಿಲು ಖಾಲಿ ಇದ್ದರೂ ಅವರು ಆ ಕಡೆ ಹೋಗುವಂತಿಲ್ಲ.

ಸ್ವಿಚ್ ಮಾಡುವುದೂ ಇದನ್ನೇ. ಒಂದು ಫೈಲಿನ ತುಂಡುಗಳು ಹಿಂದುಮುಂದಾಗಿ ತಲುಪಬಾರದು. ಆದ್ದರಿಂದ ಕಳಿಸುವವರ ಮತ್ತು ಪಡೆಯುವವರ ವಿಳಾಸ ನೋಡಿ, ಒಂದು ಸಣ್ಣ ಲೆಕ್ಕ ಮಾಡಿ, ಆ ಇಬ್ಬರ ಮಾತುಕತೆಯನ್ನೆಲ್ಲ ಒಂದೇ ಕೇಬಲ್‌ಗೆ ಹಾಕುತ್ತದೆ. ಎರಡು ಗಿಗಾಬಿಟ್ ಕೇಬಲ್ ಜೋಡಿಸಿದರೂ ಒಂದು ಫೈಲ್‌ಗೆ ಸಿಗುವುದು ಒಂದೇ ಗಿಗಾಬಿಟ್. ಲೆಕ್ಕಕ್ಕೆ ಪಡೆಯುವವರ ವಿಳಾಸವನ್ನಷ್ಟೇ ತೆಗೆದುಕೊಳ್ಳುವಂತೆ ಸೆಟ್ ಮಾಡಿದ್ದರೆ ಇನ್ನೂ ಕಷ್ಟ. ನಾವೆಲ್ಲರೂ ಪ್ರಾಕ್ಟಿಕಲ್ ಫೈಲ್ ಉಳಿಸುವುದು ಒಂದೇ ಸರ್ವರ್‌ಗೆ, ಹಾಗಾಗಿ ಎಲ್ಲವೂ ಒಂದೇ ಕೇಬಲ್‌ಗೆ ಬೀಳುತ್ತವೆ. ಎರಡೂ ವಿಳಾಸಗಳನ್ನು ನೋಡುವಂತೆ ಸೆಟ್ ಮಾಡಿದರೆ ಮಾತ್ರ ಹಂಚಿಕೆ ಆಗುತ್ತದೆ. ಅದೂ ಸರಿಸಮ ಎಂದೇನಿಲ್ಲ. ಕೆಲವು ಸ್ವಿಚ್‌ಗಳು ಲೆಕ್ಕವನ್ನು 8 ಪಾಲು ಮಾಡುತ್ತವೆ. ಮೂರು ಕೇಬಲ್ ಇದ್ದರೆ 3:3:2. ಪಾರ್ಟ್‌ನರ್‌ಶಿಪ್ ಲೆಕ್ಕ ಮಾಡಿದವರಿಗೆ ಈ ಅನುಪಾತ ಹೊಸದಲ್ಲ!

ಇನ್ನೂ ಎರಡು ಮಾತು. ಸರ್ವರ್‌ಗೆ ಹೋಗುವ ಕೊನೆಯ ಕೇಬಲ್ ಒಂದೇ ಆಗಿದ್ದರೆ, ನಡುವೆ ಎರಡು ಹಾಕಿದರೂ ಅಲ್ಲಿ ಮತ್ತೆ ಇಕ್ಕಟ್ಟು. ಹೊರಗಿನಿಂದ ಬರುವ ಇಂಟರ್ನೆಟ್ 100 ಎಂಬಿಪಿಎಸ್ ಇದ್ದರೆ, ಈಗಿನ 1000 ಎಂಬಿಪಿಎಸ್ ಕೇಬಲ್‌ನ ಹತ್ತನೇ ಒಂದು ಭಾಗವನ್ನೂ ಅದು ಮೀರುವುದಿಲ್ಲ. ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಫಾರ್ಮ್ ಬೇಗ ತೆರೆಯಲಿ ಎಂದು ಲ್ಯಾಬ್‌ಗೆ ಕೇಬಲ್ ಎಳೆದರೆ ಆ ಹಣ ವ್ಯರ್ಥ.

ಆದರೂ ಎರಡನೇ ಕೇಬಲ್ ಏಕೆ ಬೇಕು? ಒಂದು ತುಂಡಾದರೆ ಎಲ್ಲರ ಕೆಲಸವೂ ತಾನಾಗಿ ಇನ್ನೊಂದಕ್ಕೆ ಹೋಗುತ್ತದೆ. ಈಗ ಆ ಒಂದು ಕೇಬಲ್‌ನ ತುದಿಯ ಕ್ಲಿಪ್ ಮುರಿದರೂ ಸಾಕು, ಇಡೀ ಲ್ಯಾಬ್ ಸರ್ವರ್‌ನಿಂದ ದೂರ. ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ಹಾಗಾದರೆ? ಇಡೀ ವರ್ಷ ಓದಿದವರು ಕೀಬೋರ್ಡ್ ಮುಂದೆ ಕೈಕಟ್ಟಿ ಕೂರಬೇಕಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡನೇ ಕೇಬಲ್‌ಗೆ ಕೊಡುವ ಹಣ ವಿಮೆಯ ಪ್ರೀಮಿಯಂ. ಅದರಿಂದ ದಿನವೂ ಲಾಭ ಕೇಳಬಾರದು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಲ್ಯಾಬ್ ನೋಡಿಕೊಳ್ಳುವ ಸರ್ ಅವರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ಒಂದು ವಾರ ಪ್ರಾಕ್ಟಿಕಲ್ ಅವಧಿಯಲ್ಲಿ ಯಾವ ಪೋರ್ಟ್ ಎಷ್ಟು ತುಂಬುತ್ತಿದೆ ಎಂದು ಸ್ವಿಚ್‌ನಲ್ಲೇ ನೋಡಿ. ನಿಧಾನಕ್ಕೆ ಕಾರಣ ಇಂಟರ್ನೆಟ್ಟೋ, ಸರ್ವರೋ, ನಡುವಿನ ಕೇಬಲ್ಲೋ ಎಂಬುದು ಆಗ ತಿಳಿಯುತ್ತದೆ. ನಮ್ಮ ಸ್ವಿಚ್‌ಗಳಿಗೆ ಲಿಂಕ್ ಅಗ್ರಿಗೇಶನ್ ಬರುತ್ತದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಕೇಬಲ್ ತನ್ನಿ. ಎರಡನೆಯದನ್ನು ಮೊದಲನೆಯದರ ಪೈಪಿನಲ್ಲೇ ಎಳೆಯಬೇಡಿ. ಪೈಪ್ ಒಡೆದರೆ ಎರಡೂ ಹೋಗುತ್ತವೆ. ಕೊನೆಗೆ, ಪರೀಕ್ಷೆಗೆ ಮುಂಚೆ ಒಂದು ದಿನ ನಮ್ಮೆದುರೇ ಒಂದು ಕೇಬಲ್ ಕಿತ್ತು ತೋರಿಸಿ. ಲ್ಯಾಬ್ ನಿಲ್ಲದಿದ್ದರೆ, ಖರ್ಚು ಮಾಡಿದ್ದು ಸಾರ್ಥಕ.