ಒಂದು ಐಸ್‌ಕ್ರೀಮ್, ಒಂದು ಪ್ರಶ್ನೆ



ಬೇಸಿಗೆಯ ಮಧ್ಯಾಹ್ನ ಐಸ್‌ಕ್ರೀಮ್ ಗಾಡಿಯ ಗಂಟೆ ಕೇಳಿದರೆ ಸಾಕು, ನಿಮ್ಮ ಕಾಲು ಮನೆಯೊಳಗೆ ನಿಲ್ಲುವುದಿಲ್ಲ, ಅಲ್ಲವೇ? ತಿಂದು ಕೈ ಒರೆಸಿಕೊಂಡರೆ ಐಸ್‌ಕ್ರೀಮಿನ ಕಥೆ ಮುಗಿಯಿತು. ಆದರೆ ಶಾಲಾ ಬಾಲಕನೊಬ್ಬ ಮಾಡಿದ ಐಸ್‌ಕ್ರೀಮಿನ ಕಥೆ ಅರವತ್ತು ವರ್ಷ ಕಳೆದರೂ ಮುಗಿದಿಲ್ಲ.

ಆ ಬಾಲಕ ಎರಾಸ್ಟೋ ಎಂಪೆಂಬಾ. ಊರು ಆಫ್ರಿಕಾ ಖಂಡದ ಇಂದಿನ ತಾಂಜಾನಿಯಾ ದೇಶದಲ್ಲಿ. 1963ರಲ್ಲಿ ಅವನ ಶಾಲೆಯ ಹುಡುಗರು ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿಸಿ, ಫ್ರೀಜರಿನಲ್ಲಿಟ್ಟು ಐಸ್‌ಕ್ರೀಮ್ ಮಾಡುತ್ತಿದ್ದರು. ಜಾಗಕ್ಕೆ ಪೈಪೋಟಿ! ಒಂದು ದಿನ ಗೆಳೆಯನೊಬ್ಬ ಹಾಲನ್ನು ಕಾಯಿಸದೆಯೇ ಒಳಗಿಟ್ಟ. ಎಲ್ಲಿ ಜಾಗ ತಪ್ಪಿಹೋಗುವುದೋ ಎಂದು ಎಂಪೆಂಬಾ ತನ್ನ ಬಿಸಿ ಹಾಲನ್ನು ಆರಿಸದೆ ಹಾಗೆಯೇ ಇಟ್ಟುಬಿಟ್ಟ. ಒಂದೂವರೆ ಗಂಟೆಯ ನಂತರ ನೋಡಿದರೆ ಬಿಸಿ ಹಾಲೇ ಮೊದಲು ಗಟ್ಟಿಯಾಗಿತ್ತು! ತಣ್ಣನೆಯ ಹಾಲು ಇನ್ನೂ ದ್ರವವಾಗಿಯೇ ಇತ್ತು.

ಹೀಗೇಕೆ ಎಂದು ಅವನು ಶಿಕ್ಷಕರನ್ನು ಕೇಳಿದ. ಹಾಗಾಗಲು ಸಾಧ್ಯವಿಲ್ಲ, ನಿನಗೆ ಗೊಂದಲವಾಗಿದೆ ಎಂದರು. ಮುಂದಿನ ಶಾಲೆಯಲ್ಲಿ ಕೇಳಿದಾಗ, ಇದು ಎಲ್ಲರ ಭೌತಶಾಸ್ತ್ರವಲ್ಲ, ಎಂಪೆಂಬಾನ ಭೌತಶಾಸ್ತ್ರ ಎಂದು ಹಾಸ್ಯ ಮಾಡಿದರು. ಆದರೂ ಅವನು ಬಿಡಲಿಲ್ಲ. ದಾರ್-ಎಸ್-ಸಲಾಮ್‌ನ ಪ್ರಾಧ್ಯಾಪಕ ಡೆನಿಸ್ ಆಸ್ಬೋರ್ನ್ ಶಾಲೆಗೆ ಬಂದಾಗ, ಸಹಪಾಠಿಗಳ ನಗುವಿನ ನಡುವೆಯೇ ಅದೇ ಪ್ರಶ್ನೆ ಕೇಳಿದ. ಆಸ್ಬೋರ್ನ್ ನಗಲಿಲ್ಲ. ಪ್ರಯೋಗ ಮಾಡಿ ನೋಡುತ್ತೇನೆ ಎಂದರು, ಮಾಡಿಸಿದರು. ಅವರ ಪ್ರಯೋಗಾಲಯದಲ್ಲೂ ಬಿಸಿ ನೀರೇ ಮೊದಲು ಹೆಪ್ಪುಗಟ್ಟಿತು. 1969ರಲ್ಲಿ ಇಬ್ಬರೂ ಸೇರಿ ಲೇಖನ ಪ್ರಕಟಿಸಿದರು. ಇಂದು ಇದನ್ನು ‘ಎಂಪೆಂಬಾ ಪರಿಣಾಮ’ ಎಂದು ಕರೆಯುತ್ತಾರೆ.

ಹಾಗಾದರೆ ಇದು ನಿಜವೇ? ಬಿಸಿ ನೀರು ಬೇಗ ಹೆಪ್ಪುಗಟ್ಟುವ ವಿಷಯವನ್ನು ಸುಮಾರು 2300 ವರ್ಷಗಳ ಹಿಂದೆಯೇ ಗ್ರೀಸಿನ ಅರಿಸ್ಟಾಟಲ್ ಬರೆದಿದ್ದ. ಬಿಸಿ ನೀರಿನಲ್ಲಿ ಸ್ವಲ್ಪ ಭಾಗ ಆವಿಯಾಗಿ ಹೋಗುತ್ತದೆ, ಬಿಸಿ ಪಾತ್ರೆ ತನ್ನ ಅಡಿಯ ಹಿಮವನ್ನು ಕರಗಿಸಿ ಫ್ರೀಜರಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂಬಂಥ ಕಾರಣಗಳನ್ನು ಹಲವರು ಕೊಟ್ಟಿದ್ದಾರೆ. ಆದರೆ 2016ರಲ್ಲಿ ಇಬ್ಬರು ಸಂಶೋಧಕರು ಎಚ್ಚರಿಕೆಯಿಂದ ಅಳೆದು ನೋಡಿದಾಗ, ಬಿಸಿ ನೀರು ಬೇಗ ತಣ್ಣಗಾಗುತ್ತದೆ ಎನ್ನಲು ನಂಬುವಂಥ ಪುರಾವೆ ಸಿಗಲಿಲ್ಲ. ಉಷ್ಣತಾಮಾಪಕವನ್ನು ಸ್ವಲ್ಪ ಮೇಲೆ ಕೆಳಗೆ ಇಟ್ಟರೂ ಫಲಿತಾಂಶ ಬದಲಾಗುತ್ತದೆ ಎಂದರು. ವಾದ ಇನ್ನೂ ನಡೆದಿದೆ.

‘ಹಾಗಿದ್ದರೆ ಅಂದು ನಕ್ಕ ಶಿಕ್ಷಕರೇ ಸರಿ ಇರಬಹುದಲ್ಲ ಸರ್?’ ಎಂದು ನೀವು ಕೇಳಬಹುದು. ನಾನು ಒಪ್ಪುವುದಿಲ್ಲ. ಅವರು ಅಳೆದು ನೋಡಿ ‘ಇಲ್ಲ’ ಎನ್ನಲಿಲ್ಲ, ನೋಡದೆಯೇ ‘ಇಲ್ಲ’ ಎಂದರು. ಅಳೆದು ‘ಇಲ್ಲ’ ಎನ್ನುವುದು ವಿಜ್ಞಾನ. ನಕ್ಕು ಬಾಯಿ ಮುಚ್ಚಿಸುವುದು ವಿಜ್ಞಾನವಲ್ಲ.

ಇದನ್ನು ಬರೆಯುವ ನಾನೂ ಒಮ್ಮೆ ಆ ತಪ್ಪು ಮಾಡಿದ್ದೇನೆ. ಒಂದು ಶಾಲೆಯಲ್ಲಿ ಮಂಜುಗಡ್ಡೆಗೆ ಉಪ್ಪು ಬೆರೆಸಿ ಐಸ್‌ಕ್ರೀಮ್ ಮಾಡಿ ತೋರಿಸುತ್ತಿದ್ದೆ. ಆರನೇ ತರಗತಿಯ ಹುಡುಗಿಯೊಬ್ಬಳು, ‘ಸರ್, ಉಪ್ಪು ಹಾಕಿದರೆ ಐಸು ಕರಗುತ್ತಿದೆ. ಕರಗಿದರೆ ತಂಪು ಕಡಿಮೆಯಾಗಬೇಕಲ್ಲ?’ ಎಂದಳು. ಎಂಥ ಒಳ್ಳೆಯ ಪ್ರಶ್ನೆ! ಸಮಯವಾಗಿತ್ತು. ‘ಅದೆಲ್ಲ ಮುಂದಿನ ತರಗತಿಯಲ್ಲಿ ಬರುತ್ತದೆ, ಕೂತುಕೋ’ ಎಂದೆ. ಎಲ್ಲರೂ ನಕ್ಕರು. ಆ ದಿನ ಅವಳು ಮತ್ತೆ ಕೈ ಎತ್ತಲಿಲ್ಲ. ಉಳಿದವರೂ ಎತ್ತಲಿಲ್ಲ.

ಅಂದು ಹೇಳಬೇಕಿದ್ದ ಉತ್ತರ ಇದು: ಮಂಜುಗಡ್ಡೆ ಕರಗಲು ಉಷ್ಣ ಬೇಕು. ಉಪ್ಪು ಸೇರಿದರೆ ಅದು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಕರಗುತ್ತದೆ. ಅದಕ್ಕೆ ಬೇಕಾದ ಉಷ್ಣವನ್ನು ತನ್ನಿಂದ ಮತ್ತು ಸುತ್ತಲಿನ ಹಾಲಿನಿಂದಲೇ ಎಳೆದುಕೊಳ್ಳುತ್ತದೆ. ಆದ್ದರಿಂದ ಕರಗುತ್ತಲೇ ಇನ್ನೂ ತಣ್ಣಗಾಗುತ್ತದೆ. ಸಾಕಷ್ಟು ಉಪ್ಪಿದ್ದರೆ ಮಿಶ್ರಣದ ಉಷ್ಣತೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ಇಳಿಯಬಲ್ಲದು.

ನಂಬಬೇಡಿ, ಮಾಡಿ ನೋಡಿ! ಶಿಕ್ಷಕರ ಜೊತೆ ಸೇರಿ, ಪುಡಿ ಮಾಡಿದ ಮಂಜುಗಡ್ಡೆಯ ಮೂರು ಪಾಲಿಗೆ ಒಂದು ಪಾಲು ಉಪ್ಪು ಬೆರೆಸಿ. ಪ್ರಯೋಗಾಲಯದ ಉಷ್ಣತಾಮಾಪಕದಿಂದ ಉಪ್ಪು ಹಾಕುವ ಮೊದಲು ಮತ್ತು ನಂತರ ಅಳೆಯಿರಿ. ಮಿಶ್ರಣವನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚರ್ಮಕ್ಕೆ ಗಾಯವಾಗುತ್ತದೆ.

ಕೊನೆಗೊಂದು ಮಾತು. ಗೆಳೆಯರು ಪ್ರಶ್ನೆ ಕೇಳಿದಾಗ ನಗಬೇಡಿ. ನಿಮ್ಮ ಪ್ರಶ್ನೆಗೆ ಯಾರಾದರೂ ನಕ್ಕರೆ ಕೈ ಇಳಿಸಬೇಡಿ. ಎಂಪೆಂಬಾ ಕೈ ಇಳಿಸಿದ್ದರೆ ಅವನ ಐಸ್‌ಕ್ರೀಮ್ ತಿಂದು ಮುಗಿಯುತ್ತಿತ್ತು, ಅಷ್ಟೇ.