ಊರಲ್ಲಿಲ್ಲದವರ ಮತ

“ನನ್ನೊಬ್ಬನ ಮತದಿಂದ ಏನಾದೀತು?” ಎಂಬ ಮಾತನ್ನು ಊರ ಕಟ್ಟೆಯ ಮೇಲೂ ಕಾಲೇಜಿನ ಅಂಗಳದಲ್ಲಿಯೂ ನಾವು ಕೇಳುತ್ತಲೇ ಇರುತ್ತೇವೆ. ಇದಕ್ಕೆ ನಮ್ಮ ನಾಡಿನ ಚುನಾವಣೆಗಳೇ ಉತ್ತರ ಕೊಟ್ಟಿವೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣರಿಗೆ 40,752 ಮತಗಳೂ ಜಾತ್ಯತೀತ ಜನತಾದಳದ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಂದವು. ಅಂತರ ಒಂದೇ ಒಂದು ಮತ! 2018ರಲ್ಲಿ ನಮ್ಮ ನೆರೆಯ ಬಾದಾಮಿಯಲ್ಲಿ ಸಿದ್ದರಾಮಯ್ಯನವರು ಗೆದ್ದುದು 1,696 ಮತಗಳಿಂದ. ಅದೇ ವರ್ಷ ಮಸ್ಕಿಯಲ್ಲಿ ಅಂತರ ಕೇವಲ 213.

ಇಂಥ ಅಂಕೆಗಳನ್ನು ಮುಂದಿಟ್ಟು, ಮತ ಹಾಕದವರೆಲ್ಲ ಸೋಮಾರಿಗಳೆಂದು ಜರಿಯುವುದು ಸುಲಭ. ಆದರೆ ಸಂತೇಮರಹಳ್ಳಿಯಲ್ಲಿ ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೇ ಆ ದಿನ ಮತ ಹಾಕಲು ಬಿಡುವು ದೊರೆಯಲಿಲ್ಲವೆಂದು ಪತ್ರಿಕೆಗಳು ಬರೆದವು. ಅದು ಸೋಮಾರಿತನವೇ? ದುಡಿಯುವವನಿಗೆ ಮತಗಟ್ಟೆ ದೂರವಾಯಿತು, ಅಷ್ಟೆ.

ನಮ್ಮ ಮರೋಳದ ಸುತ್ತಿನ ಹಳ್ಳಿಗಳಿಂದ ಗೋವೆಗೂ ಮಂಗಳೂರಿಗೂ ಗುಳೆ ಹೋದವರ ಪಾಡೂ ಇದೇ. 2018 ಮತ್ತು 2023ರ ವಿಧಾನಸಭಾ ಚುನಾವಣೆಗಳು ನಡೆದುದು ಮೇ ತಿಂಗಳಲ್ಲಿ. ಹೊಲದಲ್ಲಿ ಕೆಲಸವಿಲ್ಲದ ಬಿರುಬೇಸಿಗೆ ಅದು. ಎಷ್ಟೋ ಮನೆಗಳಲ್ಲಿ ಮುದುಕರೂ ಮಕ್ಕಳೂ ಮಾತ್ರ ಉಳಿದಿರುತ್ತಾರೆ. ಮತದಾನದ ದಿನ ದಿನಗೂಲಿಯವರಿಗೂ ಸಂಬಳಸಹಿತ ರಜೆ ಕೊಡತಕ್ಕದ್ದೆಂದು 1951ರ ಪ್ರಜಾ ಪ್ರಾತಿನಿಧ್ಯ ಕಾಯಿದೆಯ 135-ಬಿ ಕಲಮು ಹೇಳುತ್ತದೆ. ಆದರೆ ಒಂದು ದಿನದ ರಜೆಯಲ್ಲಿ ಮಂಗಳೂರಿನಿಂದ ಬಂದು ಹೋಗುವುದೆಂತು? ಬಸ್ಸಿನ ಖರ್ಚು ನಾಲ್ಕಾರು ದಿನದ ದುಡಿಮೆಯನ್ನೇ ನುಂಗೀತು. ಆ ಖರ್ಚನ್ನು ಅಭ್ಯರ್ಥಿಯೊಬ್ಬನು ಕೊಟ್ಟನೆಂದರೆ, ಬಂದವರು ತಮ್ಮ ಹಕ್ಕನ್ನು ಚಲಾಯಿಸುವುದಿಲ್ಲ, ಅವನ ಋಣವನ್ನು ತೀರಿಸುತ್ತಾರೆ. ಪೈಪೋಟಿ ಬಿಗಿಯಾದಷ್ಟೂ ಈ ಋಣದ ಭಾರ ಹೆಚ್ಚು.

ವಲಸೆ ಹೋದವರು ಇದ್ದಲ್ಲಿಂದಲೇ ಮತ ಹಾಕಲೆಂದು ಚುನಾವಣಾ ಆಯೋಗವು 2023ರ ಜನವರಿಯಲ್ಲಿ ದೂರಮತದಾನ ಯಂತ್ರವೊಂದನ್ನು ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ಒಪ್ಪಲಿಲ್ಲ. ಅವರ ಸಂಶಯಗಳನ್ನು ಪರಿಹರಿಸಬೇಕಾದುದು ನಿಜ. ಆದರೆ ಸಂಶಯವಿದೆಯೆಂದು ವಿಷಯವನ್ನೇ ಕೈಬಿಡುವುದು ನ್ಯಾಯವಲ್ಲ. ಸೈನಿಕರಿಗೆ ಅಂಚೆಯ ಮೂಲಕ ಮತ ಹಾಕುವ ಸೌಲಭ್ಯವಿರುವಾಗ, ರಸ್ತೆ ಹಾಕುವವನಿಗೆ, ಮನೆ ಕಟ್ಟುವವನಿಗೆ ಒಂದು ದಾರಿಯನ್ನು ಹುಡುಕಲಾಗದೆ?

ಹದಿನೆಂಟು ತುಂಬಿದ ನಾವು ಮೊದಲು ನಮ್ಮ ಹೆಸರುಗಳನ್ನು ಪಟ್ಟಿಗೆ ಸೇರಿಸೋಣ. ಅನಂತರ ಗುಳೆ ಹೋದ ಅಣ್ಣ, ಅಕ್ಕ, ಕಾಕಾ, ಚಿಗವ್ವರಿಗೆ ಅವರ ರಜೆಯ ಹಕ್ಕನ್ನು ತಿಳಿಸೋಣ, ಮತ ಕೇಳಲು ಬಂದವರನ್ನು, “ಊರಲ್ಲಿಲ್ಲದವರ ಮತಕ್ಕೆ ಏನು ದಾರಿ ಮಾಡುವಿರಿ?” ಎಂದು ಕೇಳೋಣ. ಒಂದು ಮತ ಗೆಲುವನ್ನು ನಿರ್ಣಯಿಸಬಲ್ಲುದಾದರೆ, ಹಾಕಲಾಗದೆ ಹೋದ ಸಾವಿರಾರು ಮತಗಳ ಲೆಕ್ಕವನ್ನೂ ಯಾರಾದರೂ ಕೊಡಲೇಬೇಕು.